ಕತ್ತಲೆಗೆ ಮೂಡಿದ ಬಾಲ

ರಾತ್ರಿ ಹತ್ತೂವರೆ. ಮಕ್ಕಳು ಮಲಗಿಯಾಗಿದೆ. ದೀಪವಾರಿದ ಕೋಣೆಯಲ್ಲಿ ಗೃಹಸ್ಥನೊಬ್ಬ ಹಾಸಿಗೆಯ ಮೇಲೆ ಮಗ್ಗುಲಾಗಿ, ಪಕ್ಕದವರ ನಿದ್ರೆಗೆ ಭಂಗ ಬಾರದಿರಲೆಂದು ಕೈಯಲ್ಲಿನ ಫೋನಿನ ಬೆಳಕನ್ನು ಆದಷ್ಟು ಕುಗ್ಗಿಸಿ, ಕಪ್ಪು ಹಿನ್ನೆಲೆಯ ಪುಟದಲ್ಲಿ ಆ ದಿನದ ಸುದ್ದಿಯನ್ನು ಓದುತ್ತಿದ್ದಾನೆ. ಹೆಬ್ಬೆರಳಿನಿಂದ ಪುಟವನ್ನು ಮೇಲಕ್ಕೆ ಸರಿಸುತ್ತಾನೆ. ಆಗ ಕಾಣುತ್ತದೆ ಆ ಸೋಜಿಗ! ಪುಟದ ಮೇಲಿನ ಮಸಕು ಬೂದು ಚೌಕಗಳು ಸರಿಯುತ್ತಿದ್ದಂತೆ ಅವುಗಳ ಅಂಚಿನಲ್ಲಿ ನೇರಳೆ ಬಣ್ಣದ ಕಲೆಯೊಂದು ಜಿನುಗುತ್ತದೆ. ಒಣಗದ ಶಾಯಿಯ ಮೇಲೆ ಅಂಗೈ ಆಡಿಸಿದಂತೆ ಚಿತ್ರವೆಲ್ಲ ತೀಡಿಹೋಗುತ್ತದೆ. ಬೆರಳು ನಿಂತಿತೋ, ಕಲೆಯೂ ಮಾಯ. ಮತ್ತೆ ಸರಿಸಿದರೆ ಮತ್ತೆ ಪ್ರತ್ಯಕ್ಷ.

ಆತ ಪರದೆಯನ್ನು ಪಂಚೆಯ ಚುಂಗಿನಿಂದ ಒರೆಸಿ ನೋಡುತ್ತಾನೆ. ಕನ್ನಡಕವನ್ನು ತೆಗೆದು ಹಾಕಿಕೊಳ್ಳುತ್ತಾನೆ. ಕಣ್ಣಿಗೇ ಏನಾದರೂ ಬಂದಿತೇ ಎಂಬ ಅಳುಕು ಒಂದು ಕಡೆ. ಹಲವು ತಿಂಗಳು ಕಂತು ಕಟ್ಟಿ ಕೊಂಡ ಫೋನು ಕೈಕೊಟ್ಟಿತೇ ಎಂಬ ಚಿಂತೆ ಇನ್ನೊಂದು ಕಡೆ. ಮರುದಿನ ಅಂಗಡಿಗೆ ಒಯ್ದರೆ, ಅಲ್ಲಿನ ಹಗಲನ್ನೂ ನಾಚಿಸುವ ದೀಪಗಳ ಕೆಳಗೆ ಫೋನು ಪರಮಸಾಧುವಾಗಿ ವರ್ತಿಸುತ್ತದೆ. “ಏನೂ ತೊಂದರೆ ಇಲ್ಲವಲ್ಲ ಸಾರ್!” ಎಂದು ಅಂಗಡಿಯಾತ ಹಿಂದಿರುಗಿಸುತ್ತಾನೆ.

ಗೃಹಸ್ಥನ ಕಣ್ಣೂ ಸುಳ್ಳು ಹೇಳಲಿಲ್ಲ, ಅಂಗಡಿಯವನ ಮಾತೂ ಸುಳ್ಳಲ್ಲ. ಈ ಕಲೆ ಯಾವ ಒಂದು ಫೋನಿಗೂ ತಗುಲಿದ ರೋಗವಲ್ಲ; ಓಎಲ್‌ಇಡಿ ಎಂಬ ಜಾತಿಯ ಪರದೆಗೆ ಹುಟ್ಟಿನಿಂದಲೇ ಬಂದ ಗುಣ. ಈ ಪರದೆಯ ಅತಿ ದೊಡ್ಡ ಹೆಮ್ಮೆ ಯಾವುದೋ ಆ ಅಪ್ಪಟ ಕಪ್ಪಿನಿಂದಲೇ ಈ ಕಳಂಕವೂ ಹುಟ್ಟುತ್ತದೆಂಬುದು ಇದರ ವಿಶೇಷ.

ಎರಡು ಬಗೆಯ ಪರದೆ

ಹಳೆಯ ಬಗೆಯ ಪರದೆಯೆಂದರೆ ಎಲ್‌ಸಿಡಿ, ಅರ್ಥಾತ್ ದ್ರವಸ್ಫಟಿಕದ ಪರದೆ. ಅಲ್ಲಿ ಹಿಂದುಗಡೆ ಒಂದು ಬಿಳಿಯ ದೀಪ ಸದಾ ಉರಿಯುತ್ತಿರುತ್ತದೆ. ಮುಂದೆ ನಿಂತ ದ್ರವಸ್ಫಟಿಕದ ಪದರವು ಕಿಟಕಿಯ ಬಾಗಿಲುಗಳಂತೆ ತೆರೆದು ಮುಚ್ಚಿ ಆ ಬೆಳಕನ್ನು ಬೇಕಾದಷ್ಟು ಬಿಡುತ್ತದೆ. ಕಿಟಕಿ ಎಷ್ಟು ಭದ್ರವಾಗಿ ಮುಚ್ಚಿದರೂ ಸಂದಿಯಲ್ಲಿ ಬೆಳಕು ನುಸುಳುವುದು ಸಹಜ. ಆದುದರಿಂದಲೇ ಎಲ್‌ಸಿಡಿಯ ಕಪ್ಪು ನಿಜವಾಗಿ ಕಪ್ಪಲ್ಲ, ಇದ್ದಲಿನ ಮೇಲೆ ಬೂದಿ ಕವಿದಂಥ ಬಣ್ಣ.

ದ್ರವಸ್ಫಟಿಕದ ಮಾತು ಬಂದಮೇಲೆ ಬೆಂಗಳೂರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1888ರಲ್ಲಿ ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಕ್ ರೈನಿಟ್ಸರ್ ಈ ವಿಚಿತ್ರ ಸ್ಥಿತಿಯನ್ನು ಮೊದಲಿಗೆ ಗಮನಿಸಿದ ಕಾಲದಿಂದಲೂ, ಕಡ್ಡಿಯಂತೆ ನೀಳವಾದ ಅಣುಗಳು ಮಾತ್ರವೇ ದ್ರವಸ್ಫಟಿಕವಾಗಬಲ್ಲವೆಂಬ ನಂಬಿಕೆ ಬೇರೂರಿತ್ತು. ಅದನ್ನು 1977ರಲ್ಲಿ ಅಲ್ಲಗಳೆದವರು ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳಾದ ಬಿ. ಕೆ. ಸದಾಶಿವ, ಕೆ. ಎ. ಸುರೇಶ್. ಬಿಲ್ಲೆಯಾಕಾರದ ಅಣುಗಳೂ ನಾಣ್ಯಗಳನ್ನು ಪೇರಿಸಿದಂತೆ ಕಂಬಕಂಬವಾಗಿ ನಿಂತು ದ್ರವಸ್ಫಟಿಕವಾಗುತ್ತವೆಂದು ಅವರು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. (ಈ ಚಂದ್ರಶೇಖರ್ ನೊಬೆಲ್ ಪಡೆದ ಖಗೋಳವಿಜ್ಞಾನಿಯಲ್ಲ; ಇಬ್ಬರೂ ಸರ್ ಸಿ. ವಿ. ರಾಮನ್ನರ ಸೋದರ ಸಂಬಂಧದ ಮಕ್ಕಳಾದ್ದರಿಂದ ಗೊಂದಲ ಆಗಾಗ ಆಗುವುದುಂಟು. ಇವರು ರಾಮನ್ ಸಂಸ್ಥೆಗೆ ಬರುವ ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹತ್ತು ವರ್ಷ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು.) ಮುಂದೆ ಇದೇ ಬಿಲ್ಲೆ ಅಣುಗಳ ತೆಳು ಹಾಳೆಯನ್ನು ಎಲ್‌ಸಿಡಿ ಪರದೆಗೆ ಅಂಟಿಸಿ, ಪಕ್ಕದಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಿದರು.

ಓಎಲ್‌ಇಡಿಯ ಮಾತು ಬೇರೆ. ‘ಆರ್ಗ್ಯಾನಿಕ್ ಲೈಟ್ ಎಮಿಟಿಂಗ್ ಡಯೋಡ್’ ಎಂಬ ಉದ್ದ ಹೆಸರಿನ ಮೊಟಕು ಅದು. ಆರ್ಗ್ಯಾನಿಕ್ ಎಂದೊಡನೆ ಗೊಬ್ಬರ ತರಕಾರಿಗಳನ್ನು ನೆನೆಯಬೇಕಾದುದಿಲ್ಲ. ಇಲ್ಲಿ ಇಂಗಾಲದ ಸಂಯುಕ್ತ ಎಂದಷ್ಟೇ ಅರ್ಥ. ಇಲ್ಲಿ ಹಿಂಬದಿಯ ದೀಪವೇ ಇಲ್ಲ. ಪರದೆಯ ಒಂದೊಂದು ಚುಕ್ಕೆಯೂ ತಾನೇ ಒಂದು ಹಣತೆ. ಹಣತೆ ಆರಿದರೆ ಅಲ್ಲಿ ಉಳಿಯುವುದು ಅಮಾವಾಸ್ಯೆಯ ಕಪ್ಪು. 2017ರಲ್ಲಿ ಬಂದ ಐಫೋನ್ ಎಕ್ಸ್‌ನ ಪರದೆಯಲ್ಲಿ ಇಂಥ ಚುಕ್ಕೆಗಳು ಅಡ್ಡಲಾಗಿ 1,125, ಉದ್ದಕ್ಕೆ 2,436. ಗುಣಿಸಿದರೆ 27 ಲಕ್ಷಕ್ಕೂ ಮಿಕ್ಕು. ಅಂಗೈಯಲ್ಲಿ ಒಂದು ಲಕ್ಷದೀಪೋತ್ಸವವಲ್ಲ, ಇಪ್ಪತ್ತೇಳು!

ಇಂಗಾಲದ ಸಂಯುಕ್ತಗಳಿಂದ ವಿದ್ಯುತ್ತಿನ ಮೂಲಕ ಬೆಳಕು ಹೊರಡಿಸಬಹುದೆಂಬುದು 1950-60ರ ದಶಕಗಳಲ್ಲೇ ತಿಳಿದಿತ್ತು. ಆದರೆ ಅದಕ್ಕೆ ಬೇಕಾಗುತ್ತಿದ್ದ ನೂರಾರು ವೋಲ್ಟುಗಳ ಒತ್ತಡದಿಂದಾಗಿ ಅದು ಪ್ರಯೋಗಾಲಯದ ಆಟವಾಗಿಯೇ ಉಳಿಯಿತು. 1987ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಈಸ್ಟ್‌ಮನ್ ಕೊಡಕ್ ಪ್ರಯೋಗಾಲಯದ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎರಡು ಅತಿ ತೆಳು ಪದರಗಳನ್ನು ಒಂದರ ಮೇಲೊಂದು ಕೂರಿಸಿ, 10 ವೋಲ್ಟಿಗೂ ಕಡಿಮೆ ಒತ್ತಡದಲ್ಲಿ ಉಜ್ವಲವಾದ ಹಸಿರು ಬೆಳಕನ್ನು ಪಡೆದರು. ಬೆಳಕನ್ನು ಹಿಡಿದಿಡುವ ಫಿಲ್ಮನ್ನು ಮಾರಿ ಶ್ರೀಮಂತವಾದ ಸಂಸ್ಥೆಯೇ ಬೆಳಕನ್ನು ಸೂಸುವ ಪದರವನ್ನೂ ಕಂಡುಹಿಡಿಯಿತು. ಆದರೆ ಅದರ ಫಲವನ್ನುಣ್ಣುವ ಯೋಗ ಅದಕ್ಕಿರಲಿಲ್ಲ. 2009ರಲ್ಲಿ ಆ ವ್ಯವಹಾರವನ್ನು ಕೊರಿಯಾದ ಎಲ್‌ಜಿ ಸಮೂಹಕ್ಕೆ ಮಾರಿದ ಕೊಡಕ್, 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅಷ್ಟರಲ್ಲಿ 1997ರಲ್ಲಿ ಜಪಾನಿನ ಪಯೋನಿಯರ್ ಕಂಪನಿಯ ಕಾರಿನ ಸ್ಟೀರಿಯೋದಲ್ಲಿ ಮುಖ ತೋರಿದ ಈ ಪರದೆ, 2010ರ ಹೊತ್ತಿಗೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಮುಂತಾದ ಫೋನುಗಳನ್ನೇರಿ ಜಗತ್ತನ್ನು ಸುತ್ತತೊಡಗಿತ್ತು.

ಗಿಂಡಿಯ ದೃಷ್ಟಾಂತ

ಓಎಲ್‌ಇಡಿಯ ಪದರ ವಿದ್ಯುತ್ತು ತಾಕಿದ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಬೆಳಗುತ್ತದೆ. ದ್ರವಸ್ಫಟಿಕಕ್ಕೆ ಹೊರಳಲು ಬೇಕಾಗುವುದು ಹಲವು ಮಿಲಿಸೆಕೆಂಡು. ಹೀಗಿರುವಾಗ ವೇಗದ ಪರದೆಯಲ್ಲೇ ಚಿತ್ರ ತೀಡುವುದೇಕೆ? ತಪ್ಪು ಹಣತೆಯದಲ್ಲ, ಹಣತೆಗೆ ಎಣ್ಣೆ ಹೊಯ್ಯುವ ಏರ್ಪಾಟಿನದು.

ಪ್ರತಿಯೊಂದು ಚುಕ್ಕೆಯ ಬೆನ್ನಿಗೂ ಕೂದಲೆಳೆಗಿಂತ ಸಣ್ಣದಾದ ಟ್ರಾನ್ಸಿಸ್ಟರುಗಳ ಗುಂಪೊಂದಿದೆ. ಅವುಗಳಲ್ಲಿ ಮುಖ್ಯವಾದುದು ನಲ್ಲಿಯ ಕೆಲಸ ಮಾಡುತ್ತದೆ: ಎಷ್ಟು ಪ್ರವಾಹ ಬಿಟ್ಟರೆ ಅಷ್ಟು ಬೆಳಕು. ಆದರೆ ಬೆಳಗುವ ಪದರಕ್ಕೆ ಒಂದು ಗುಣವುಂಟು. ಅದರ ಎರಡು ಮಗ್ಗುಲಿನ ನಡುವಣ ವಿದ್ಯುದೊತ್ತಡ ಒಂದು ಮಟ್ಟಕ್ಕೆ ಏರುವವರೆಗೆ ಅದು ಬೆಳಕು ಕೊಡುವುದೇ ಇಲ್ಲ. ಬಂದ ವಿದ್ಯುತ್ತನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ.

ಪೂಜೆಯ ಗಿಂಡಿಯನ್ನು ನೆನೆಯಿರಿ. ನಲ್ಲಿಯ ಕೆಳಗೆ ಬರಿದಾದ ಗಿಂಡಿಯನ್ನಿಟ್ಟರೆ ಕೊಕ್ಕಿನಿಂದ ನೀರು ತತ್‌ಕ್ಷಣ ಬಾರದು. ಒಳಗಿನ ನೀರು ಕೊಕ್ಕಿನ ಮಟ್ಟಕ್ಕೆ ಏರಬೇಕು. ಆಮೇಲೆ ನಲ್ಲಿಯಿಂದ ಎಷ್ಟು ಬೀಳುವುದೋ ಕೊಕ್ಕಿನಿಂದ ಅಷ್ಟು ಹೊರಡುತ್ತದೆ. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಗಿಂಡಿ ಕಣ್ಣು ಮಿಟುಕಿಸುವುದರೊಳಗೆ ತುಂಬುತ್ತದೆ, ವಿಳಂಬ ಯಾರಿಗೂ ತಿಳಿಯದು. ನಲ್ಲಿ ಹನಿಹನಿಯಾಗಿ ತೊಟ್ಟಿಕ್ಕುತ್ತಿದ್ದರೆ? ಕೊಕ್ಕಿನ ಬಾಯಿ ಕಾಯುತ್ತ ಕುಳಿತಿರಬೇಕು.

ಮಸಕು ಬೂದು ಬಣ್ಣಕ್ಕೆ ಸಿಗುವುದು ಇಂಥ ಹನಿಯೇ. ಫೋನಿನ ಲೆಕ್ಕದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ 0ಯಿಂದ 255ರ ತನಕ ಮೆಟ್ಟಿಲುಗಳಿವೆ. 10ನೆಯ ಮೆಟ್ಟಿಲೆಂದರೆ ಬಿಳುಪಿನ 25ರಲ್ಲಿ ಒಂದು ಪಾಲಿರಬಹುದೆಂದು ತೋರುತ್ತದೆ. ಹಾಗಿಲ್ಲ. ಮನುಷ್ಯನ ಕಣ್ಣಿನ ಸ್ವಭಾವಕ್ಕೆ ಹೊಂದುವಂತೆ ಈ ಮೆಟ್ಟಿಲುಗಳು ಕೆಳಗಡೆ ತೀರ ಗಿಡ್ಡ, ಮೇಲೇರಿದಂತೆ ಎತ್ತರ. 10ನೆಯ ಮೆಟ್ಟಿಲಿನ ಬೆಳಕು ಪೂರ್ಣ ಬಿಳುಪಿನ ಸುಮಾರು 1,200ರಲ್ಲಿ ಒಂದು ಪಾಲು ಮಾತ್ರ. ಪೂರ್ತಿ ತೆರೆದ ನಲ್ಲಿಯ ಕೆಳಗೆ ಒಂದು ಸೆಕೆಂಡಿನಲ್ಲಿ ತುಂಬುತ್ತಿದ್ದ ಗಿಂಡಿಗೆ ಈ ಹನಿಯಿಂದ 20 ನಿಮಿಷ ಬೇಕು! ಅದರ ಮೇಲೆ ನಮ್ಮ ಗೃಹಸ್ಥ ಮಲಗುವಾಗ ಒಟ್ಟು ಬೆಳಕನ್ನೂ ಹತ್ತನೆಯ ಒಂದು ಪಾಲಿಗೆ ಇಳಿಸಿದ್ದಾನೆ. ಫೋನಿನೊಳಗಿನ ಗಿಂಡಿ ಅತಿ ಸಣ್ಣದು, ನಿಜ. ಅಲ್ಲಿನ ಲೆಕ್ಕವೆಲ್ಲ ಮಿಲಿಸೆಕೆಂಡುಗಳಲ್ಲಿ. ಆದರೆ ಪರದೆಯ ಮೇಲೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗಬೇಕಾದರೆ ಒಂದು ಚಿತ್ರಕ್ಕೆ ದೊರೆಯುವ ಕಾಲವೂ 16.7 ಮಿಲಿಸೆಕೆಂಡು ಮಾತ್ರ. ಗಿಂಡಿ ತುಂಬುವುದರೊಳಗೆ ಆ ಚಿತ್ರದ ಸರದಿಯೇ ಮುಗಿದಿರುತ್ತದೆ.

ಈಗಾಗಲೇ ಮಂದವಾಗಿ ಬೆಳಗುತ್ತಿರುವ ಚುಕ್ಕೆಗೆ ಈ ತೊಂದರೆಯಿಲ್ಲ. ಅದರ ಗಿಂಡಿ ತುಂಬಿಯೇ ಇದೆ. ಅಪ್ಪಟ ಕಪ್ಪಿನಲ್ಲಿ ಮುಳುಗಿದ್ದ ಚುಕ್ಕೆಗೆ ಮಾತ್ರ ಸಂಕಟ. ಕತ್ತಲೆಯಲ್ಲಿ ಒಂದು ಹನಿ ಬೆಳಕೂ ಸೋರಬಾರದೆಂದು ಅದರ ಗಿಂಡಿಯನ್ನು ಕೊಕ್ಕಿನ ಮಟ್ಟದಿಂದ ಸಾಕಷ್ಟು ಕೆಳಕ್ಕೆ ಬರಿದುಮಾಡಿರುತ್ತಾರೆ.

ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಬಹಳ ಹೊತ್ತು ಮುಚ್ಚಿಯೇ ಇದ್ದ ಟ್ರಾನ್ಸಿಸ್ಟರಿನಲ್ಲಿ ಸಿಲಿಕಾನಿಗೂ ಅದರ ಮೇಲಿನ ನಿರೋಧಕ ಪದರಕ್ಕೂ ನಡುವಣ ಸಂದಿಯಲ್ಲಿ ಕೆಲವು ವಿದ್ಯುತ್ಕಣಗಳು ಸಿಕ್ಕಿಕೊಳ್ಳುತ್ತವೆ. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲಿನಂತೆ ಅದು ಮೊದಲ ತಳ್ಳಿಗೆ ಪೂರ್ತಿ ತೆರೆಯುವುದಿಲ್ಲ. ಎರಡನೆಯ, ಮೂರನೆಯ ಚಿತ್ರದ ಹೊತ್ತಿಗೆ ಸರಿಹೋಗುತ್ತದೆ. ಹಿಂದೆ ತಾನಿದ್ದ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಈ ಗುಣ ಫೋನಿನ ಪರದೆಯಲ್ಲಿ ಯಾರಿಗೂ ಬೇಡವಾದ ನೆನಪು.

ಹಾಗಾದರೆ ಚಿತ್ರದ ಹಿಂದೆ ಎಳೆದುಕೊಂಡು ಬರುವ ಬಾಲ ಬೆಳಕಿನದಲ್ಲ, ಕತ್ತಲೆಯದು! ಕಪ್ಪು ಅಕ್ಷರವೊಂದು ಬೂದು ಹಿನ್ನೆಲೆಯ ಮೇಲೆ ಸರಿದುಹೋಗುತ್ತದೆ. ಅದು ತೆರವು ಮಾಡಿದ ಚುಕ್ಕೆಗಳು ಕೂಡಲೆ ಬೂದಾಗಬೇಕು. ಆಗದೆ ಒಂದೆರಡು ಚಿತ್ರಗಳ ಕಾಲ ಕಪ್ಪಾಗಿಯೇ ಉಳಿಯುತ್ತವೆ. ಪುಟ ಸೆಕೆಂಡಿಗೆ 10 ಸೆಂಟಿಮೀಟರ್ ಸರಿಯುತ್ತಿದೆಯೆಂದಿಟ್ಟುಕೊಂಡರೆ ಎರಡು ಚಿತ್ರಗಳ ವಿಳಂಬದಲ್ಲಿ ಅದು 3 ಮಿಲಿಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಫೋನಿನ ಅಕ್ಷರದ ಎತ್ತರವೇ ಅಷ್ಟು. ಒಂದು ಅಕ್ಷರದ ಮೇಲೆ ಇನ್ನೊಂದು ಅಕ್ಷರದ ನೆರಳು ಬಿದ್ದು ಓದು ಕೆಡುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಒತ್ತಕ್ಷರಗಳ ಪಾಡಂತೂ ಕೇಳುವುದೇ ಬೇಡ.

ಆ ನೇರಳೆ ಬಣ್ಣ? ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂದು ಬೇರೆ ಬೇರೆ ಹಣತೆಗಳಿವೆ. ಮೂರೂ ತಕ್ಕ ಪ್ರಮಾಣದಲ್ಲಿ ಬೆಳಗಿದರೆ ಬೂದು ಅಥವಾ ಬಿಳಿ. ಹಸಿರಿಗೆ ಕಣ್ಣು ಹೆಚ್ಚು ಸ್ಪಂದಿಸುತ್ತದೆ, ಹಸಿರು ಸೂಸುವ ವಸ್ತುವೂ ಮಿತವ್ಯಯಿ. ಹೀಗಾಗಿ ಅದಕ್ಕೆ ಕೊಡುವ ಪ್ರವಾಹ ಕಡಿಮೆ. ಕಡಿಮೆ ಕೊಟ್ಟ ಮೇಲೆ ಗಿಂಡಿ ತುಂಬುವುದೂ ತಡ. ಹಲವು ಪರದೆಗಳಲ್ಲಿ ಕೆಂಪು ನೀಲಿಗಳು ಬಂದು ನಿಂತಿದ್ದರೂ ಹಸಿರು ಇನ್ನೂ ಹಾದಿಯಲ್ಲಿರುತ್ತದೆ. ಕೆಂಪು ನೀಲಿ ಕೂಡಿದರೆ ನೇರಳೆ. ಮನೆಯಲ್ಲಿ ಮಿತವ್ಯಯ ಮಾಡುವವರಿಗೇ ಕೆಟ್ಟ ಹೆಸರು ಬರುವುದು ಇಲ್ಲಿಯೂ ತಪ್ಪಿಲ್ಲ!

ಕಣ್ಣೂ ತಡಮಾಡುತ್ತದೆ

ಇಲ್ಲಿ ಒಂದು ಹಳೆಯ ಕಥೆಯನ್ನು ಹೇಳದಿದ್ದರೆ ಪರದೆಗೆ ಅನ್ಯಾಯವಾದೀತು. ಕತ್ತಲೆಯಲ್ಲಿ ನಿಧಾನಿಸುವುದು ಯಂತ್ರವೊಂದೇ ಅಲ್ಲ. 1922ರಲ್ಲಿ ಜರ್ಮನಿಯ ಯೇನಾ ನಗರದ ಝೈಸ್ ಕಾರ್ಖಾನೆಯ ವಿಜ್ಞಾನಿ ಕಾರ್ಲ್ ಪುಲ್‌ಫ್ರಿಕ್ ಒಂದು ಚಮತ್ಕಾರವನ್ನು ವಿವರಿಸಿದ. ಅತ್ತಿತ್ತ ನೇರವಾಗಿ ತೂಗುವ ಲೋಲಕವನ್ನು ಎರಡು ಕಣ್ಣುಗಳಿಂದಲೂ ನೋಡುತ್ತ, ಒಂದು ಕಣ್ಣಿನ ಮುಂದೆ ಮಾತ್ರ ಕಪ್ಪು ಗಾಜನ್ನು ಹಿಡಿದರೆ, ಲೋಲಕವು ಮುಂದೆ ಹಿಂದೆ ಸುತ್ತು ಹಾಕುವಂತೆ ಕಾಣುತ್ತದೆ. ಕಪ್ಪು ಗಾಜಿನ ಹಿಂದಿನ ಕಣ್ಣಿಗೆ ಮಂದವಾಗಿ ಬಿದ್ದ ಬೆಳಕು ಮಿದುಳನ್ನು ಕೆಲವು ಮಿಲಿಸೆಕೆಂಡು ತಡವಾಗಿ ತಲುಪುವುದೇ ಇದಕ್ಕೆ ಕಾರಣ. ಸ್ವತಃ ಪುಲ್‌ಫ್ರಿಕ್‌ನಿಗೆ ಒಂದು ಕಣ್ಣು ಕುರುಡಾಗಿತ್ತು. ತನ್ನ ಹೆಸರಿನ ಚಮತ್ಕಾರವನ್ನು ಆತ ತಾನೇ ಕಾಣುವಂತಿರಲಿಲ್ಲ. ತಂಪು ಕನ್ನಡಕದ ಒಂದೇ ಗಾಜನ್ನು ಕಣ್ಣಿಗಿಟ್ಟು, ದಾರಕ್ಕೆ ಕಟ್ಟಿದ ಬೀಗದ ಕೈಯನ್ನು ತೂಗಾಡಿಸಿ ಮನೆಯ ಮಕ್ಕಳೂ ಇದನ್ನು ನೋಡಬಹುದು.

ಹಳೆಯ ಪರದೆಗಳೂ ಈ ವಿಷಯದಲ್ಲಿ ನಿರ್ದೋಷಿಗಳಾಗಿರಲಿಲ್ಲ. ಮೊದಮೊದಲ ಮಡಿಚುವ ಕಂಪ್ಯೂಟರುಗಳ ದ್ರವಸ್ಫಟಿಕ ಎಷ್ಟು ಮಂದಗತಿಯದೆಂದರೆ, ಮೌಸಿನ ಬಾಣವನ್ನು ಬೇಗ ಓಡಿಸಿದರೆ ಅದು ನೀರಿನಲ್ಲಿ ಮುಳುಗಿದಂತೆ ಕಾಣೆಯಾಗಿಬಿಡುತ್ತಿತ್ತು. 1992ರ ವಿಂಡೋಸ್ 3.1ರಲ್ಲಿ ಬಾಣದ ಹಿಂದೆ ಬಾಣಗಳ ಸಾಲನ್ನೇ ತೋರಿಸುವ ಏರ್ಪಾಟನ್ನು ಮಾಡಿದ್ದು ಈ ಕಾರಣದಿಂದಲೇ. ಅಂದು ಬಾಲವನ್ನು ಬೇಕೆಂದೇ ಕಟ್ಟಿದರು. ಇಂದು ಬೇಡವೆಂದರೂ ಬಿಡದು.

ಮುಖಕ್ಕೆ ಕಟ್ಟಿಕೊಂಡ ಪರದೆ

ಫೋನಿನಲ್ಲಿ ಇದೊಂದು ಕಿರಿಕಿರಿ. ಆದರೆ ಇದೇ ಪರದೆಯನ್ನು ಕಣ್ಣಿನ ಮುಂದೆ ನಾಲ್ಕು ಬೆರಳಿನಷ್ಟು ದೂರದಲ್ಲಿ ಕಟ್ಟಿಕೊಂಡವರಿಗೆ ಅದು ಕಿರಿಕಿರಿಯಾಗಿ ಉಳಿಯಲಿಲ್ಲ, ತಲೆಸುತ್ತಾಯಿತು.

2014ರಲ್ಲಿ ಅಮೆರಿಕದ ಆಕ್ಯುಲಸ್ ಎಂಬ ಸಂಸ್ಥೆ ‘ಡೆವಲಪ್‌ಮೆಂಟ್ ಕಿಟ್ 2’ ಎಂಬ ಮುಖಕವಚವನ್ನು ಹೊರತಂದಿತು. ಅದನ್ನು ಧರಿಸಿದವರು ಕಲ್ಪಿತ ಲೋಕವೊಂದರ ನಡುವೆ ನಿಂತಂತಾಗಿ, ತಲೆ ತಿರುಗಿಸಿದ ಕಡೆಗೆಲ್ಲ ಆ ಲೋಕವನ್ನು ಕಾಣುತ್ತಿದ್ದರು. ಕುತೂಹಲಿಗಳು ಅದನ್ನು ಬಿಚ್ಚಿ ನೋಡಿದಾಗ ಒಳಗಿದ್ದದ್ದು ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 3 ಫೋನಿನ ಓಎಲ್‌ಇಡಿ ಪರದೆ! ಚಿತ್ರವನ್ನು ಸೆಕೆಂಡಿಗೆ 75 ಸಲ, ಪ್ರತಿ ಸಲವೂ ಮಿಂಚಿನಂತೆ ಎರಡು ಮೂರು ಮಿಲಿಸೆಕೆಂಡು ಮಾತ್ರ ಬೆಳಗಿಸಿ ಆರಿಸಲು ದ್ರವಸ್ಫಟಿಕಕ್ಕೆ ಅಂದು ಸಾಧ್ಯವಿರಲಿಲ್ಲ, ಓಎಲ್‌ಇಡಿಗೆ ಸಾಧ್ಯವಿತ್ತು.

ಆದರೆ ರಾತ್ರಿಯ ದೃಶ್ಯ ಬಂದಿತೆಂದರೆ ಕಥೆಯೇ ಬೇರೆ. ನಕ್ಷತ್ರಗಳ ಆಕಾಶ, ದೀಪವಿಲ್ಲದ ಗುಹೆ, ಅರೆಬೆಳಕಿನ ಓಣಿ. ಧರಿಸಿದವನು ತಲೆ ಹೊರಳಿಸಿದರೆ ನೆರಳುಗಳೆಲ್ಲ ಟಾರಿನಂತೆ ಎಳೆದುಕೊಂಡು ಬರುತ್ತಿದ್ದವು. ತಲೆ ತಿರುಗಿದುದನ್ನು ಕಿವಿಯೊಳಗಿನ ಸಮತೋಲನದ ಅಂಗ ಒಪ್ಪಿದರೂ, ಲೋಕದ ಅರ್ಧ ಭಾಗ ತಿರುಗಿ ಉಳಿದರ್ಧ ಹಿಂದುಳಿಯುವುದನ್ನು ಕಣ್ಣು ಒಪ್ಪದು. ಈ ಎರಡು ಸಾಕ್ಷಿಗಳ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ, ಘಾಟಿಯ ಬಸ್ಸಿನಲ್ಲಿ ಪುಸ್ತಕ ಓದಿದವರಿಗೆ ಆಗುವಂತೆ.

ಎಂಜಿನಿಯರುಗಳು ಹುಡುಕಿದ ಮದ್ದು ಸರಳವಾದುದು, ಸ್ವಲ್ಪ ನಾಚಿಕೆಯದೂ ಹೌದು: ಕಪ್ಪನ್ನು ಕಪ್ಪಾಗಲು ಬಿಡಬಾರದು. ಪ್ರತಿ ಚುಕ್ಕೆಯೂ ಒಂದೆರಡು ಮೆಟ್ಟಿಲು ಮೇಲೆ, ಕಣ್ಣಿಗೆ ಕಂಡೂ ಕಾಣದಷ್ಟು ಮಿಣುಕುತ್ತಲೇ ಇರಬೇಕು. ಆಗ ಗಿಂಡಿ ಎಂದೂ ಬರಿದಾಗದು. ಯಾವ ಅಪ್ಪಟ ಕಪ್ಪಿಗಾಗಿ ಈ ಪರದೆಯನ್ನು ಕೊಂಡಾಡಿದ್ದರೋ ಅದನ್ನೇ ಕೈಬಿಟ್ಟಂತಾಯಿತು. ಮುಂದೆ ದ್ರವಸ್ಫಟಿಕವೂ ವೇಗವನ್ನು ಕಲಿತಿತು. 2019ರ ‘ಕ್ವೆಸ್ಟ್’ ಮುಖಕವಚದಲ್ಲಿ ಓಎಲ್‌ಇಡಿ ಇದ್ದರೆ, 2020ರ ‘ಕ್ವೆಸ್ಟ್ 2’ರಲ್ಲಿ ಎಲ್‌ಸಿಡಿ ಬಂದು ಕುಳಿತಿತು. ಬೆಲೆ, ಚುಕ್ಕೆಗಳ ಸಂಖ್ಯೆ ಮೊದಲಾದ ಲೆಕ್ಕಾಚಾರಗಳೂ ಆ ಬದಲಾವಣೆಯ ಹಿಂದಿದ್ದುವು.

ಮದ್ದುಗಳು, ಮದ್ದಿನ ತೊಂದರೆಗಳು

ಫೋನು ತಯಾರಿಸುವವರು ಸುಮ್ಮನೆ ಕುಳಿತಿಲ್ಲ. ಕಪ್ಪಿನಿಂದ ಮೇಲೇಳುವ ಚುಕ್ಕೆಗೆ ಮೊದಲ ಚಿತ್ರದಲ್ಲಿ ಬೇಕಾದುದಕ್ಕಿಂತ ಹೆಚ್ಚು ಪ್ರವಾಹವನ್ನು ನೂಕಿ ಗಿಂಡಿಯನ್ನು ಬೇಗ ತುಂಬಿಸುವುದು ಒಂದು ಉಪಾಯ. ಲೆಕ್ಕ ಕೂದಲೆಳೆಯಷ್ಟು ಮೀರಿದರೆ ಕಪ್ಪು ಬಾಲದ ಬದಲು ಬಿಳಿಯ ಬಾಲ ಮೂಡುತ್ತದೆ. ಗಿಂಡಿಯನ್ನು ಕೊಕ್ಕಿನ ಮಟ್ಟಕ್ಕೆ ಸ್ವಲ್ಪವೇ ಕೆಳಗೆ ತುಂಬಿಸಿಟ್ಟಿರುವುದು ಇನ್ನೊಂದು. ಆದರೆ ಲಕ್ಷಾಂತರ ಗಿಂಡಿಗಳ ಕೊಕ್ಕು ಒಂದೇ ಎತ್ತರದಲ್ಲಿರುವುದಿಲ್ಲ; ಎಲ್ಲೋ ಕೆಲವು ಸೋರಿದರೆ ಕತ್ತಲೆಯಲ್ಲಿ ಪರದೆಯ ಮೇಲೆ ಬೂದು ಕಲೆಗಳು ತೇಲುತ್ತವೆ.

ಬೆಳಕನ್ನು ಕುಗ್ಗಿಸುವ ಬಗೆಯಲ್ಲಿಯೇ ಒಂದು ಜಾಣ್ಮೆಯುಂಟು. ನಲ್ಲಿಯನ್ನು ಹನಿಗೆ ಇಳಿಸುವುದಕ್ಕೆ ಬದಲು, ಸಾಕಷ್ಟು ಪ್ರವಾಹವನ್ನೇ ಕೊಟ್ಟು, ಪರದೆಯನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹತ್ತಿಸುವುದು. ಅನೇಕ ಫೋನುಗಳಲ್ಲಿ ಇದು ಸೆಕೆಂಡಿಗೆ 240 ಸಲ. ಕಣ್ಣು ಮಿನುಗನ್ನು ಗುರುತಿಸದೆ ಒಟ್ಟು ಬೆಳಕು ಕಡಿಮೆಯಾಯಿತೆಂದಷ್ಟೇ ತಿಳಿಯುತ್ತದೆ. ಕಲೆಯೂ ಕಡಿಮೆ. ಆದರೆ ಈ ಮಿನುಗಿನಿಂದ ಕೆಲವರಿಗೆ ತಲೆನೋವು, ಕಣ್ಣುರಿ. ಅವರ ದೂರನ್ನು ಕೇಳಿದ ಕೆಲವು ತಯಾರಕರು ಮಿನುಗನ್ನು ನಿಲ್ಲಿಸುವ ಗುಂಡಿಯೊಂದನ್ನು ಇಟ್ಟರು. ಅದನ್ನು ಒತ್ತಿದರೆ ಮಸಕು ಬಣ್ಣಗಳು ಮತ್ತೆ ಕೆಡುತ್ತವೆ. ಒಬ್ಬರ ತಲೆನೋವಿಗೆ ಇನ್ನೊಬ್ಬರ ಕಣ್ಣಿನ ಬೆಲೆ.

ಇದೆಲ್ಲ ಇಷ್ಟು ಜನರ ಕಣ್ಣಿಗೆ ಬಿದ್ದದ್ದು 2019ರ ನಂತರ. ಆ ವರ್ಷ ಆಂಡ್ರಾಯ್ಡ್ 10 ಮತ್ತು ಐಓಎಸ್ 13 ಎರಡೂ ಇಡೀ ಫೋನನ್ನೇ ಕಪ್ಪು ಬಣ್ಣಕ್ಕೆ ತಿರುಗಿಸುವ ‘ಡಾರ್ಕ್ ಮೋಡ್’ ಸೌಕರ್ಯವನ್ನು ತಂದವು. ಆರಿದ ಹಣತೆಗೆ ಎಣ್ಣೆ ಬೇಡವಾದ್ದರಿಂದ ಬ್ಯಾಟರಿ ಉಳಿಯುತ್ತದೆಂದು ಕೋಟ್ಯಂತರ ಜನ ಕಪ್ಪಿಗೆ ಶರಣಾದರು. ಈ ಉಳಿತಾಯವನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು 2021ರಲ್ಲಿ ಅಳೆದು ನೋಡಿದರು. ಬೆಳಕನ್ನು ಪೂರ್ತಿ ಏರಿಸಿದಾಗ ಸರಾಸರಿ 39ರಿಂದ 47 ಶೇಕಡಾ ಉಳಿತಾಯ, ಸರಿ. ಆದರೆ ಮನೆಯೊಳಗೆ ಸಾಮಾನ್ಯವಾಗಿ ಬಳಸುವ 30ರಿಂದ 50 ಶೇಕಡಾ ಬೆಳಕಿನಲ್ಲಿ ಉಳಿಯುವುದು 3ರಿಂದ 9 ಶೇಕಡಾ ಮಾತ್ರ. ಎಂದರೆ, ಕಲೆ ಅತ್ಯಂತ ಹೆಚ್ಚಾಗಿ ಕಾಡುವ ರಾತ್ರಿಯ ಮಂದ ಬೆಳಕಿನಲ್ಲಿ ಕಪ್ಪಿನಿಂದ ಬರುವ ಲಾಭ ಅತ್ಯಂತ ಕಡಿಮೆ! ಗೂಗಲ್ಲಿನ ವಿನ್ಯಾಸಕಾರರು ಅದೇ 2019ರಲ್ಲಿ ಅಪ್ಪಟ ಕಪ್ಪಿಗೆ ಬದಲು ಕಡು ಬೂದನ್ನು ಹಿನ್ನೆಲೆಯಾಗಿ ಬಳಸಬೇಕೆಂದು ಸೂಚಿಸಿದ್ದರು. ನೆರಳು ಮತ್ತು ಆಳ ಚೆನ್ನಾಗಿ ಕಾಣುತ್ತವೆಂಬುದು ಅವರು ಕೊಟ್ಟ ಕಾರಣ. ಗಿಂಡಿ ಬರಿದಾಗದಿರುವ ಪುಣ್ಯವೂ ಅದರೊಂದಿಗೆ ಬಂತು.

ಇನ್ನು ಮನೆವಾರ್ತೆಯ ಮಾತು. ಈ ಕಲೆ ದಿನೇ ದಿನೇ ಬೆಳೆಯುವ ರೋಗವಲ್ಲ. ನಿಂತ ಚಿತ್ರದಲ್ಲಿ ಅದಿರುವುದಿಲ್ಲ, ಚಲಿಸುವಾಗ ಮಾತ್ರ ಇರುತ್ತದೆ. ಬಹುಕಾಲ ಒಂದೇ ಚಿತ್ರ ನಿಂತು ಅದರ ಅಚ್ಚು ಪರದೆಯಲ್ಲಿ ಉಳಿಯುವುದು ಬೇರೆ ವಿಷಯ. ಅದು ಹಣತೆಗಳ ಸವಕಳಿ, ಹಿಂದೆ ಹೋಗದು. ಮೇಲಿನಿಂದ ಕೆಳಕ್ಕೆ ಹಸಿರು ಗೆರೆಯೊಂದು ಬಿದ್ದು ಅಲುಗದೆ ನಿಂತರೆ ಅದು ನಿಜವಾದ ದೋಷ. ಖಾತರಿಯ ಅವಧಿಯಿದ್ದರೆ ಕೂಡಲೆ ಒಯ್ದು ಕೇಳಬೇಕು. ತೀಡುವ ಕಲೆಗಾಗಿ ಸಾವಿರಾರು ರೂಪಾಯಿ ತೆತ್ತು ಪರದೆ ಬದಲಾಯಿಸಿದವರು ಹೊಸ ಪರದೆಯಲ್ಲೂ ಅದೇ ಬಾಲವನ್ನು ಕಂಡು ಪೆಚ್ಚಾಗುವುದೇ ಹೆಚ್ಚು, ಏಕೆಂದರೆ ಬಂದದ್ದು ಅದೇ ಕುಲದ ಕೂಸು.

ಮಲಗಿ ಓದುವವರು ಬೆಳಕನ್ನು ಸ್ವಲ್ಪ ಏರಿಸಿದರೆ ಬಾಲ ಗಿಡ್ಡವಾಗುತ್ತದೆ. ಅನೇಕ ಓದುವ ಆ್ಯಪ್‌ಗಳಲ್ಲಿ ಅಪ್ಪಟ ಕಪ್ಪು, ಕಡು ಬೂದು ಎಂಬ ಎರಡು ಹಿನ್ನೆಲೆಗಳಿರುತ್ತವೆ. ಎರಡನೆಯದನ್ನು ಆರಿಸಿಕೊಂಡರೆ ಅದು ಬಹುಪಾಲು ಅಡಗುತ್ತದೆ. ಕೋಣೆಯಲ್ಲೊಂದು ಸಣ್ಣ ದೀಪವಿಟ್ಟುಕೊಂಡು ಬಿಳಿಯ ಪುಟವನ್ನೇ ಓದಿದರೆ ಅದರ ಸುಳಿವೂ ಇಲ್ಲ. ಪಕ್ಕದಲ್ಲಿ ಮಲಗಿದವರ ಅಪ್ಪಣೆ ಬೇಕಾಗಬಹುದು, ಅಷ್ಟೆ.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲೇ ಪರೀಕ್ಷಿಸಬಹುದು. ಪ್ರದರ್ಶನಕ್ಕಿಟ್ಟ ಫೋನುಗಳಲ್ಲಿ ಬೆಳಕು ತುಟ್ಟತುದಿಯಲ್ಲಿರುತ್ತದೆ, ಓಡುವ ಚಿತ್ರಗಳೂ ಜಾತ್ರೆಯ ಬಣ್ಣದವು. ಮೊದಲು ಬೆಳಕನ್ನು ತೀರ ಕೆಳಕ್ಕೆ ಇಳಿಸಿ, ಡಾರ್ಕ್ ಮೋಡ್‌ಗೆ ತಿರುಗಿಸಿ, ಸೆಟ್ಟಿಂಗ್ಸ್ ಪುಟವನ್ನು ತೆರೆಯಬೇಕು. ಆಮೇಲೆ ಎಡ ಅಂಗೈಯನ್ನು ಬೊಗಸೆಯಂತೆ ಮರೆಮಾಡಿ, ಬಲಗೈ ಹೆಬ್ಬೆರಳಿನಿಂದ ಪುಟವನ್ನು ನಿಧಾನವಾಗಿ ಸರಿಸುತ್ತ ಬೂದು ಚೌಕಗಳ ಅಂಚನ್ನೇ ನೋಡಬೇಕು. ಅಂಗಡಿಯಾತ ವಿಚಿತ್ರವಾಗಿ ನೋಡಿದರೆ, ಅವನ ಕೈಗೂ ಕೊಟ್ಟು ತೋರಿಸಬಹುದು.